ನೋ ಡ್ರಾಪ್ ಅಂದ್ರೆ ಕೊನೆಯವರನ್ನ ಕೇಳಿ

ಶನಿವಾರ ಸಂಜೆ ಸೈಕಲ್ ಅಂಗಡಿಯ ವಾಟ್ಸಾಪ್ ಗ್ರೂಪ್‌ಗೆ ಒಂದು ಮೆಸೇಜ್ ಬೀಳುತ್ತೆ. ‘ನಾಳೆ ಬೆಳಗ್ಗೆ 5:30, ಹೆಬ್ಬಾಳ. ನಂದಿ, ಚಿಕ್ಕಬಳ್ಳಾಪುರ, ವಾಪಸ್. 130 ಕಿಲೋಮೀಟರ್. ಆವರೇಜ್ 25. ನೋ ಡ್ರಾಪ್.’ ಈ ಒಂದು ಮೆಸೇಜಲ್ಲಿ ಎರಡು ಸುಳ್ಳಿರೋದು ಮಾಮೂಲಿ.

ಮೊದಲನೇದು ಆವರೇಜ್. ಗಂಟೆಗೆ 25 ಕಿಲೋಮೀಟರ್ ಅನ್ನೋದು ಸೈಕಲ್ ಓಡ್ತಿದ್ದಾಗಿನ ಲೆಕ್ಕ, ನಿಂತಾಗ ಮೀಟರೂ ನಿಲ್ಲುತ್ತೆ. ಬರೀ ಓಡಿಸೋ ಹೊತ್ತೇ ಐದು ಗಂಟೆ ಹನ್ನೆರಡು ನಿಮಿಷ. ಎರಡು ಪಂಚರ್, ಒಂದು ಇಡ್ಲಿ-ಕಾಫಿ, ಎರಡು ಸಲ ನೀರು ಅಂತ ಎರಡು ಗಂಟೆ ಸೇರಿಸಿ. ಹನ್ನೊಂದಕ್ಕೆ ಬರ್ತೀನಿ ಅಂತ ಮನೇಲಿ ಹೇಳಿ ಬಂದವರು ಮಧ್ಯಾಹ್ನ ಒಂದರ ಬಿಸಿಲಲ್ಲಿ ಯಲಹಂಕದ ಸಿಗ್ನಲ್‌ನಲ್ಲಿ ನಿಂತಿರ್ತಾರೆ.

ಎರಡನೇ ಸುಳ್ಳು ದೊಡ್ಡದು. ನೋ ಡ್ರಾಪ್ ಅಂದ್ರೆ ಯಾರನ್ನೂ ಬಿಟ್ಟು ಹೋಗಲ್ಲ ಅಂತ. ಆದ್ರೆ ದೇವನಹಳ್ಳಿ ಮುಟ್ಟೋ ಹೊತ್ತಿಗೆ ಗುಂಪು ಮೂರು ತುಂಡಾಗಿರುತ್ತೆ. ಆಗ ಮುಂದಿರೋರು ಹೇಳೋದು ಒಂದೇ ಮಾತು: ‘ಅವರಿಗೆ ಇನ್ನೂ ಪ್ರಾಕ್ಟೀಸ್ ಸಾಲದು.’ ಇದನ್ನ ನಾನು ಒಪ್ಪಲ್ಲ. ಹತ್ತರಲ್ಲಿ ಎಂಟು ಸಲ ಗುಂಪು ಒಡೆಯೋದು ಹಿಂದಿನವರ ಕಾಲಿಂದಲ್ಲ, ಮುಂದಿನವರ ಆತುರದಿಂದ.

ಒಂದು ಹಂಪ್ ತಗೊಳ್ಳಿ. ಹತ್ತು ಜನ ಒಬ್ಬರ ಹಿಂದೊಬ್ಬರು ಇದ್ದಾರೆ, ಸಾಲಿನ ಉದ್ದ ಸುಮಾರು 25 ಮೀಟರ್. ಹಂಪ್ ಬಂತು, ಎಲ್ಲರೂ ಗಂಟೆಗೆ 12 ಕಿಲೋಮೀಟರ್‌ಗೆ ಇಳಿದರು. ಮೊದಲನೆಯವರು ದಾಟಿದ ಮೇಲೆ ಹತ್ತನೆಯವರು ದಾಟೋಕೆ ಏಳೆಂಟು ಸೆಕೆಂಡ್ ಬೇಕು. ಅಷ್ಟರಲ್ಲಿ ಮುಂದಿನವರು ಎದ್ದು ನಿಂತು ತುಳಿದು 28ಕ್ಕೆ ಹೋಗಿಬಿಟ್ಟರೆ ಹತ್ತಿರ ಹತ್ತಿರ ಇಪ್ಪತ್ತು ಮೀಟರ್ ಅಂತರ ಬೀಳುತ್ತೆ. ಇನ್ನೊಬ್ಬರ ಚಕ್ರದ ಹಿಂದೆ ಅಂಟಿಕೊಂಡು ಹೋದ್ರೆ ಆ ವೇಗದಲ್ಲಿ ಕಾಲು ಭಾಗದಷ್ಟು ಶ್ರಮ ಉಳಿಯುತ್ತೆ. ಇಪ್ಪತ್ತು ಮೀಟರ್ ಹಿಂದೆ ಬಿದ್ದವರಿಗೆ ಆ ಮರೆ ಇಲ್ಲ. ಒಬ್ಬರೇ ಗಾಳಿ ಸೀಳಿಕೊಂಡು ಸ್ಪ್ರಿಂಟ್ ಹೊಡೆದು ಸೇರ್ಕೋಬೇಕು. ಹಳ್ಳಿ ರಸ್ತೇಲಿ ಇದನ್ನೇ ಮೂವತ್ತು ಸಲ ಮಾಡಿಸಿ. ಮುಂದಿನವರು ಓಡಿಸಿದ್ದು ಒಂದೇ ಸಮನಾದ ರೈಡ್, ಹಿಂದಿನವರು ಹೊಡೆದಿದ್ದು ಮೂವತ್ತು ಸ್ಪ್ರಿಂಟ್. ಗುಂಪಲ್ಲಿ ಹೆಚ್ಚು ಕೆಲಸ ಮಾಡಿದ್ದು ಯಾರು ಈಗ ಹೇಳಿ.

ಇದಕ್ಕೆ ಖರ್ಚಿಲ್ಲದ ಔಷಧಿ ಇದೆ. ಹಂಪ್, ಸಿಗ್ನಲ್, ಯೂ-ಟರ್ನ್, ಯಾವುದೇ ಆಗ್ಲಿ, ದಾಟಿದ ಮೇಲೆ ಲೀಡ್‌ನಲ್ಲಿರೋರು ಸೀಟಲ್ಲೇ ಕೂತು ಮೆಲ್ಲಗೆ ತುಳೀಬೇಕು. ಕೊನೆಯವರು ‘ಬಂದ್ವಿ’ ಅಂತ ಕೂಗಿದ ಮೇಲೇ ವೇಗ. ಅಷ್ಟೇ.

ಲೀಡ್, ಅಂದ್ರೆ ಮುಂದಿದ್ದು ಗಾಳಿ ಸೀಳೋ ಸರದಿ, ಬದಲಾಗುವಾಗಲೂ ಇದೇ ಕಾಯಿಲೆ. ಇಷ್ಟು ಹೊತ್ತು ಹಿಂದೆ ಆರಾಮಾಗಿದ್ದವರು ಮುಂದೆ ಬಂದ ತಕ್ಷಣ ಹುರುಪಲ್ಲಿ 28 ಇದ್ದದ್ದನ್ನ 31 ಮಾಡ್ತಾರೆ. ಈಗಷ್ಟೇ ಲೀಡ್ ಮುಗಿಸಿ ಸುಸ್ತಾಗಿ ಹಿಂದಕ್ಕೆ ಜಾರ್ತಿರೋರು ಆ ಕ್ಷಣಕ್ಕೇ ಕಳಚಿಕೊಳ್ತಾರೆ. ಮುಂದೆ ಬರೋ ಮೊದಲು ಮೀಟರ್ ನೋಡಿ, ಅದೇ ಸಂಖ್ಯೆ ಇಟ್ಕೊಳ್ಳಿ. ಒಬ್ಬರ ಲೀಡ್ ಎರಡು-ಮೂರು ನಿಮಿಷ ಸಾಕು. ಸುಸ್ತಾದವರು ಇಪ್ಪತ್ತೇ ಸೆಕೆಂಡ್ ಎಳೆದು ಬಿಟ್ಟುಕೊಟ್ಟರೂ ಅವಮಾನವೇನಿಲ್ಲ. ಏರಲ್ಲಿ ಮಾತ್ರ ಸಂಖ್ಯೆ ಮರೆತುಬಿಡಿ, ಅಲ್ಲಿ ವೇಗ ಇಳೀಲೇಬೇಕು.

ನಂದಿ ಬೆಟ್ಟದ ಏರಿನ ಮಾತು ಬೇರೆ. ಗಂಟೆಗೆ ಹತ್ತು ಕಿಲೋಮೀಟರ್‌ನಲ್ಲಿ ಯಾರ ಹಿಂದೆ ಇದ್ರೂ ಉಪಯೋಗ ಅಷ್ಟಕ್ಕಷ್ಟೆ. ಅವರವರ ಉಸಿರಿಗೆ ತಕ್ಕಂತೆ ಹತ್ತಲಿ, ಮೇಲೆ ಸೇರೋಣ. ಇಳಿಯುವಾಗ ಸೈಕಲ್‌ಗಳ ನಡುವೆ ಹತ್ತು ಮೀಟರ್‌ಗೆ ಕಡಿಮೆ ಬೇಡ. ತಿರುವಲ್ಲಿ ಕಾರು ನಿಮ್ಮ ಕಡೆಗೇ ಬರುತ್ತೆ, ಕೋತಿ ಯಾವ ಕಡೆಯಿಂದಾದ್ರೂ ಬರುತ್ತೆ.

ಗಾಳಿ ವಿಷಯಕ್ಕೆ ಬರೋಣ, ಇದು ಹೆಚ್ಚಿನವರಿಗೆ ಹೊಳೆಯಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಲ್ಲಿ ಬೀಸೋದು ಪಶ್ಚಿಮದ ಗಾಳಿ. ನಂದಿ ಕಡೆಯಿಂದ ಊರಿಗೆ ವಾಪಸ್ ಬರುವಾಗ ಅದು ಬಲಗಡೆ ಮುಂದಿನಿಂದ ಹೊಡೆಯುತ್ತೆ. ಅಂದ್ರೆ ಮರೆ ಸಿಗೋದು ಮುಂದಿನವರ ನೇರ ಹಿಂದೆ ಅಲ್ಲ, ಸ್ವಲ್ಪ ಎಡಕ್ಕೆ. ಲೀಡ್‌ನಲ್ಲಿರೋರು ರಸ್ತೆಯ ಎಡ ಅಂಚಿಗೇ ಅಂಟಿಕೊಂಡು ಹೋದ್ರೆ ಹಿಂದಿನವರಿಗೆ ಉಳಿಯೋದು ಜಲ್ಲಿ, ಚರಂಡಿ ಜಾಲರಿ. ಸರ್ವಿಸ್ ರಸ್ತೆ ಖಾಲಿ ಇದ್ದಾಗ ಲೀಡ್ ಒಂದು ಮೀಟರ್ ಬಲಕ್ಕಿರಲಿ, ಹಿಂದಿನ ಇಬ್ಬರಿಗೆ ಎಡದಲ್ಲಿ ಜಾಗ ಸಿಗುತ್ತೆ. ಆದ್ರೆ ಮುಂದಿನ ಸೈಕಲ್ಲಿನ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ತೂರಿಸಬೇಡಿ. ತಗುಲಿದ್ರೆ ಮುಂದಿನವರಿಗೆ ಏನೂ ಆಗಲ್ಲ, ಬೀಳೋದು ನೀವು.

ಇನ್ನು ಕಾಫಿ ಬ್ರೇಕ್ ಅನ್ನೋ ಅನ್ಯಾಯ. ಮುಂದಿನವರು ಬಂದು ಹದಿನೈದು ನಿಮಿಷ ಕೂತಿರ್ತಾರೆ. ಕೊನೆಯವರು ಬಂದು ಹೆಲ್ಮೆಟ್ ತೆಗೆಯೋ ಹೊತ್ತಿಗೆ ‘ಎಲ್ಲ ಬಂದ್ರಲ್ಲ, ಹೊರಡೋಣ್ವಾ?’ ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೇ ಇಲ್ಲ. ಬ್ರೇಕ್‌ನ ಗಡಿಯಾರ ಶುರುವಾಗಬೇಕಿರೋದು ಕೊನೆಯವರು ಸೈಕಲ್ ನಿಲ್ಲಿಸಿದಾಗ. ಅದೇ ಹೊತ್ತಲ್ಲಿ ಇನ್ನೊಂದು ತಪ್ಪೂ ನಡೆಯುತ್ತೆ: ಒಂದು ಲೀಟರಿನ ಓಆರ್‌ಎಸ್ ಪಾಕೆಟ್ಟನ್ನ ಅರ್ಧ ಲೀಟರ್ ಬಾಟಲಿಗೆ ಸುರೀತಾರೆ. ಸಾಂದ್ರತೆ ಎರಡು ಪಟ್ಟು ಆಗಿ ಹೊಟ್ಟೆ ತೊಳಸುತ್ತೆ, ಬೈಸಿಕೊಳ್ಳೋದು ಬಿಸಿಲು.

ಪಂಚರ್. ಹೈವೇ ಅಂಚಲ್ಲಿ ಸಿಡಿದು ಬಿದ್ದ ಲಾರಿ ಟೈರ್ ಚೂರುಗಳಲ್ಲಿ ಕೂದಲಿಗಿಂತ ಸ್ವಲ್ಪ ದಪ್ಪದ ಉಕ್ಕಿನ ತಂತಿ ಇರುತ್ತೆ. ಕಣ್ಣಿಗೆ ಕಾಣಲ್ಲ. ಹೊಸ ಟ್ಯೂಬ್ ಹಾಕಿ, ಎರಡು ಕಿಲೋಮೀಟರ್‌ಗೆ ಮತ್ತೆ ಗಾಳಿ ಹೋದ್ರೆ ತಂತಿ ಟೈರಲ್ಲೇ ಉಳಿದಿದೆ ಅಂತ ಅರ್ಥ. ಟೈರ್ ಮೇಲಿನ ಬ್ರ್ಯಾಂಡ್ ಹೆಸರನ್ನ ಯಾವಾಗಲೂ ವಾಲ್ವ್ ಇರೋ ಜಾಗಕ್ಕೇ ಬರೋ ಹಾಗೆ ಕೂರಿಸಿದ್ರೆ, ಟ್ಯೂಬಿನ ತೂತನ್ನ ಟೈರಿಗೆ ಹಿಡಿದು ಜಾಗ ಪತ್ತೆ ಮಾಡಬಹುದು. ಒಳಗೆ ಬಟ್ಟೆ ಎಳೀರಿ, ಸಿಕ್ಕಿಕೊಂಡಲ್ಲಿ ತಂತಿ ಇದೆ. ಕೀಳೋಕೆ ನೇಲ್ ಕಟರ್ ಸಾಕು.

ಅಂಗಡಿಯವರ ಕೆಲಸ ಇಲ್ಲೇ ಇರೋದು. ಕಾರ್ಬನ್ ವೀಲ್ ಮಾರೋ ಉತ್ಸಾಹದಲ್ಲಿ ಅರ್ಧ, ರೈಡ್‌ನ ಹಿಂದಿನ ದಿನ ಸೈಕಲ್ ಚೆಕ್ ಮಾಡೋಕೆ ಕೊಡಲಿ. ಬ್ರೇಕ್ ಪ್ಯಾಡ್, ಚೈನ್ ಸವೆತ, ಗೇರ್ ಬದಲಿಸೋ ಶಿಫ್ಟರ್ ಒಳಗೆ ಎಳೆ ಬಿಟ್ಟಿರೋ ಕೇಬಲ್. 50 ಎಂ.ಎಂ. ಆಳದ ರಿಮ್ ಇರೋರು 48 ಎಂ.ಎಂ. ಉದ್ದದ ವಾಲ್ವ್‌ನ ಟ್ಯೂಬ್ ತಂದಿದ್ದಾರಾ? ತಂದಿದ್ರೆ ರಸ್ತೇಲಿ ಪಂಪ್ ಹಿಡಿಯೋಕೆ ವಾಲ್ವೇ ಹೊರಗೆ ಬರಲ್ಲ. ಇನ್ನು ಕೆಲವು ಕ್ಲಬ್‌ಗಳು ಮೈಸೂರು ರೈಡ್‌ಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆ ಹತ್ತೋ ಮಾತಾಡ್ತವೆ. 2023ರ ಆಗಸ್ಟ್ 1ರಿಂದ ಅಲ್ಲಿ ಸೈಕಲ್‌ಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯೇ ಗತಿ.

‘ಹೀಗೆ ಕಾಯ್ತಾ ಕೂತ್ರೆ ಬ್ರೆವೆಗೆ ತಯಾರಾಗೋದು ಹೇಗೆ’ ಅಂತ ಕೇಳೋರಿದ್ದಾರೆ. ಬ್ರೆವೆ ಅಂದ್ರೆ ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ರೈಡ್. 200 ಕಿಲೋಮೀಟರ್ ಬ್ರೆವೆಗೆ ಹದಿಮೂರೂವರೆ ಗಂಟೆ ಟೈಮಿದೆ, ಮೊದಲು ಬಂದವರಿಗೆ ಬಹುಮಾನವಿಲ್ಲ. ಗಂಟೆಗೆ 15ರ ಸರಾಸರಿ ಸಾಕು, ನಿಂತಿದ್ದ ಹೊತ್ತೂ ಸೇರಿ.

ಹೊಸ ಕ್ಲಬ್ ಸೇರೋರು ಅಂಗಡೀಲಿ ಒಂದೇ ಪ್ರಶ್ನೆ ಕೇಳಿ: ನಾಳೆ ಸ್ವೀಪ್ ಯಾರು? ಅಂದ್ರೆ, ಕೊನೆಯವರ ಹಿಂದೆ ಪಂಪು, ಚೈನ್ ಕಟರ್ ಇಟ್ಟುಕೊಂಡು ಬರೋರು ಯಾರು, ಅವರ ನಂಬರ್ ಏನು. ಹೆಸರು ಹೇಳಿದ್ರೆ ನಿಶ್ಚಿಂತೆಯಿಂದ ಹೋಗಿ. ‘ಯಾರಾದ್ರೂ ಇರ್ತಾರೆ ಬಿಡಿ’ ಅಂದ್ರೆ ಎರಡು ಟ್ಯೂಬು, ಒಂದು ಪಂಪು, ಐನೂರು ರೂಪಾಯಿ ಜೇಬಲ್ಲಿರಲಿ. ವಾಪಸ್ ಬರೋ ದಾರೀನೂ ಮ್ಯಾಪಲ್ಲಿ ಮೊದಲೇ ನೋಡ್ಕೊಂಡಿರಿ.