ಬಾಯಿಬಿಟ್ಟು ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ಶಿರಸಿ ಕಡೆಯವರು ಅಡಿಕೆ ಸುಲಿಯುತ್ತ ಕೂತಿರುತ್ತೀರಿ, ಕಾರವಾರದ ಕಡೆಯವರು ರಾತ್ರಿಯ ಸಾರಿಗೆ ಬಂಗಡೆ ಕೊಯ್ಯುತ್ತಿರುತ್ತೀರಿ. ಕೆಲಸ ನಿಲ್ಲಿಸುವುದು ಬೇಡ. ನಾನು ಹೇಳುವುದು ಒಂದೇ ಮಾತು. ಮನೆಯವರು ಮಾಡಿದ ಉಪಕಾರವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ, ಬಾಯಿಬಿಟ್ಟು ಹೇಳಿ.

ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟವರಿಗೆ ಥ್ಯಾಂಕ್ಸ್ ಅನ್ನುತ್ತೇವೆ. ಇಪ್ಪತ್ತು ವರ್ಷ ದೋಸೆ ಎರೆದು ಹಾಕಿದವರಿಗೆ ಅನ್ನುವುದಿಲ್ಲ. ಕೇಳಿದರೆ, 'ಮನೆಯವರಿಗೆ ಏನು ಹೇಳುವುದು, ಅವರಿಗೆ ಗೊತ್ತಿರುತ್ತದೆ' ಎನ್ನುತ್ತೀರಿ. ಮನಶ್ಶಾಸ್ತ್ರ ಓದಿದವಳಾಗಿ ಹೇಳುತ್ತೇನೆ, ಗೊತ್ತಿರುವುದಿಲ್ಲ.

ನನ್ನ ತವರಿನದೇ ಕಥೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಹಳೆಯ ಹಂಚಿನ ಮನೆ. ನಾನು ಹೋದಾಗಲೆಲ್ಲ ಅಪ್ಪಯ್ಯ ಜಗಲಿಯಲ್ಲಿ ಕೂರಿಸಿಕೊಂಡು ಅತ್ತಿಗೆಯನ್ನು ಹೊಗಳುತ್ತಿದ್ದರು. ನನ್ನೆದುರಿಗೆ ಮಾತ್ರ! ಅತ್ತಿಗೆ ಹತ್ತು ಹೆಜ್ಜೆ ಆಚೆ, ಅಡುಗೆಮನೆಯಲ್ಲಿ. 'ಅವಳಿಗೇ ಹೇಳಿ ಅಪ್ಪಯ್ಯ' ಅಂದರೆ, 'ಎಂತಕ್ಕೆ ಹೇಳದು, ಅದಕ್ಕೆ ಗೊತ್ತಿಲ್ಯ?' ಎಂದು ಎಲೆಯಡಿಕೆ ತಟ್ಟೆ ಎಳೆದುಕೊಳ್ಳುತ್ತಿದ್ದರು. ನಾನೂ ಬಿಡಲಿಲ್ಲ. ಹೋದಾಗಲೆಲ್ಲ ಅದೇ ಮಾತು ತೆಗೆದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅತ್ತಿಗೆ ಅಪ್ಪೆಹುಳಿ ಬಡಿಸಲು ಬಂದಳು. ಅಪ್ಪಯ್ಯ ತಲೆ ಎತ್ತದೆ, ಎಲೆ ನೋಡುತ್ತಲೇ ಹೇಳಿದರು: 'ಕೂಸೇ, ಆ ಮಳೆಗಾಲದಲ್ಲಿ ನನ್ನ ಮಂಚದ ಹತ್ರ ಸೋರ್ತಿತ್ತಲೆ. ನೀನು ರಾತ್ರಿ ಬ್ಯಾಟ್ರಿ ಹಿಡ್ಕಂಡು ಬಂದು ಬಕೆಟ್ ಇಟ್ಟು, ಸಪ್ಳ ಆಗ್ಲಾಗ ಹೇಳಿ ಅದರೊಳಗೆ ಹಳೇ ಪಂಚೆ ಹಾಕಿದ್ದೆ. ನಂಗೆ ನೆನಪಿದ್ದು.'

ಅತ್ತಿಗೆ ಸೌಟು ಹಿಡಿದುಕೊಂಡು ಹಾಗೇ ನಿಂತಳು. 'ನಿಮಗೆ ಎಚ್ಚರ ಇತ್ತಾ?' ಅಂದಳು. ಅಷ್ಟೇ. ಆಮೇಲೆ ಅವರ ಲೋಟಕ್ಕೆ ಇನ್ನೊಂದು ಸೌಟು ಅಪ್ಪೆಹುಳಿ ಬಿತ್ತು, ಅವರು ಬೇಡ ಅಂದರೂ.

ಅಪ್ಪಯ್ಯ ಏನು ಮಾಡಿದರು, ನೋಡಿ. 'ನೀನು ಒಳ್ಳೆಯವಳು' ಎನ್ನಲಿಲ್ಲ. ಬಕೆಟ್ಟು, ಪಂಚೆ, ಬ್ಯಾಟ್ರಿ, ಇವನ್ನು ಹೇಳಿದರು. ಹಾಗೆ ಹೇಳಬೇಕು, ಯಾವ ದಿನ, ಯಾವ ಕೆಲಸ ಅಂತ. ಮೊಬೈಲಿನಲ್ಲಿ ಹೂವಿನ ಚಿತ್ರ ಕಳಿಸಿದರೆ ಆಗುವ ಕೆಲಸವಲ್ಲ ಇದು, ದಯವಿಟ್ಟು.

ಕಥೆಗೇ ಹೊತ್ತು ಹೋಯಿತು, ಸಂಶೋಧನೆಯ ವಿಷಯ ಬೇಗ ಹೇಳುತ್ತೇನೆ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಅದರಲ್ಲಿ ಪಾಲ್ಗೊಂಡವರು, ತಮಗೆ ಉಪಕಾರ ಮಾಡಿದ, ಆದರೆ ತಾವು ಸರಿಯಾಗಿ ಕೃತಜ್ಞತೆ ಹೇಳದೇ ಉಳಿದಿದ್ದ ಒಬ್ಬರಿಗೆ ಪತ್ರ ಬರೆದು, ತಾವೇ ಹೋಗಿ ತಲುಪಿಸಬೇಕು. ಹಾಗೆ ಮಾಡಿದವರ ಖುಷಿ ಒಂದು ತಿಂಗಳಾದ ಮೇಲೂ ಉಳಿದಿತ್ತು. ಪತ್ರ ಪಡೆದವರ ಖುಷಿಯಲ್ಲ, ಬರೆದವರದು!

'ಹೇಳಲು ಮುಜುಗರ' ಎನ್ನುವವರಿಗೆ ಇನ್ನೊಂದು. ಅಮಿತ್ ಕುಮಾರ್, ನಿಕೋಲಸ್ ಎಪ್ಲಿ ಎಂಬಿಬ್ಬರು ಸಂಶೋಧಕರು 2018ರಲ್ಲಿ ಇದನ್ನೇ ಅಳೆದು ನೋಡಿದರು. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಎಷ್ಟು ಮುಜುಗರವಾದೀತು ಎಂದು ಎಣಿಸಿದ್ದರೋ ಅಷ್ಟು ಆಗಿರಲಿಲ್ಲ. ಎಷ್ಟು ಸಂತೋಷವಾದೀತು ಎಂದು ಎಣಿಸಿದ್ದರೋ ಅದಕ್ಕಿಂತ ಹೆಚ್ಚೇ ಆಗಿತ್ತು. ನಮ್ಮ ಲೆಕ್ಕ ಎರಡೂ ಕಡೆ ತಪ್ಪು. ಆದ್ದರಿಂದ ಬಾಯಿಬಿಟ್ಟು ಹೇಳಿ.

ಹೇಳಿಸಿಕೊಂಡವರಿಗೂ ಒಂದು ಮಾತಿದೆ. 'ಇವತ್ತೇನು ಹೊಸದಾಗಿ?' ಎಂದು ಕೊಂಕು ತೆಗೆಯಬೇಡಿ. ಕಷ್ಟಪಟ್ಟು ಆಡಿದ ಮಾತು ಅದು, ಸುಮ್ಮನೆ ಕೇಳಿಸಿಕೊಳ್ಳಿ. ಮಕ್ಕಳ ವಿಷಯ ಹೇಳಬೇಕೆಂದಿದ್ದೆ, ಗಡಿಯಾರ ಬಿಡುತ್ತಿಲ್ಲ.

ಈಗ ರೇಡಿಯೋ ಆರಿಸಿದ ಮೇಲೆ ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ದಾರೆ, ನೋಡಿ. ಅವರು ನಿಮಗಾಗಿ ಮಾಡಿದ ಒಂದು ಕೆಲಸ ನೆನಪಿಗೆ ಬಂತಲ್ಲ? ಅದನ್ನು ಊಟಕ್ಕೆ ಮೊದಲೇ ಹೇಳಿಬಿಡಿ. ನಮಸ್ಕಾರ.