ಕೇವಿಂಗ್ ಕ್ಲಬ್ ಇನ್ನೂ ಬೇಕಾ?

ಕೇಳುಗರೇ, ನಮಸ್ಕಾರ.

ಗುಹೆ ಇಳಿಯುವ ಹುಚ್ಚಿರುವವರು ತಮ್ಮ ತಮ್ಮ ಸೀಮೆಯಲ್ಲಿ ಕಟ್ಟಿಕೊಂಡ ಕೇವಿಂಗ್ ಕ್ಲಬ್‌ಗಳ ವಿಚಾರ ಇವತ್ತು. ಅಲ್ಲಿನ ಸದಸ್ಯರೇ ಈಗ ಕೇಳುತ್ತಾರೆ: ಚಂದಾ ಯಾಕೆ ಕಟ್ಟಬೇಕು? ಗುಹೆ ಎಲ್ಲಿದೆ ಅಂತ ಫೋನೇ ಹೇಳುತ್ತೆ. ಹಗ್ಗ, ಹೆಲ್ಮೆಟ್ ಮನೆ ಬಾಗಿಲಿಗೇ ಬರುತ್ತವೆ. ನಾಲ್ಕು ಜನ ಗೆಳೆಯರು ಸೇರಿದರೆ ಹೊರಟಾಯಿತು.

ಕೇಳುವುದರಲ್ಲಿ ತಪ್ಪೇನಿಲ್ಲ. ಹಿಂದಿನ ಸಭೆಯ ವರದಿ ಓದುವುದಕ್ಕೇ ಇನ್ನೊಂದು ಸಭೆ ಕರೆಯುವ ಕ್ಲಬ್ ಆದರೆ ಯಾರಿಗೆ ಬೇಕು, ಅಲ್ವಾ?

ಆದರೆ ಫೋನಿನ ಆಟ ನಡೆಯುವುದು ಗುಹೆಯ ಬಾಯಿಯ ತನಕ ಮಾತ್ರ. ಒಳಗೆ ಜಿಪಿಎಸ್ ಸಿಗುವುದಿಲ್ಲ. ಕೆಸರಲ್ಲಿ ತೆವಳುತ್ತಾ, ದಿಕ್ಕು ನೋಡಿ, ದೂರ ಅಳೆದು, ಒಂದೊಂದು ತಿರುವನ್ನೂ ಬರೆದುಕೊಂಡು ಮಾಡಿದ ನಕ್ಷೆಯೇ ಗತಿ. ಅಮೆರಿಕದ ಮ್ಯಾಮತ್ ಗುಹೆಗೂ ಪಕ್ಕದ ಫ್ಲಿಂಟ್ ರಿಡ್ಜ್ ಗುಹೆಗಳಿಗೂ ಒಳದಾರಿ ಸಿಕ್ಕಿದ್ದು 1972ರಲ್ಲಿ. ಅದಕ್ಕೆ ಮೊದಲು ವರ್ಷಗಟ್ಟಲೆ ಅಳತೆ ನಡೆದಿತ್ತು. ಇಂಥದ್ದು ಭಾನುವಾರದ ನಾಲ್ಕು ಗೆಳೆಯರಿಂದ ಆಗುವ ಕೆಲಸವಲ್ಲ.

ಇನ್ನು ಹಗ್ಗ. ಕೊಳ್ಳುವುದು ಸುಲಭ, ನಂಬುವುದು ಕಷ್ಟ. ಒಳ್ಳೆಯ ಕ್ಲಬ್ಬಿನಲ್ಲಿ ಪ್ರತಿ ಹಗ್ಗದ ತುದಿಗೂ ಒಂದು ಚೀಟಿ: ಉದ್ದ ಎಷ್ಟು, ತಂದದ್ದು ಯಾವ ವರ್ಷ. ಗುಹೆಯಿಂದ ಬಂದ ಮೇಲೆ ಕೆಸರು ತೊಳೆದು, ಹಗ್ಗವನ್ನು ಇಷ್ಟಿಷ್ಟೇ ಬೆರಳುಗಳ ನಡುವೆ ಎಳೆಯುತ್ತಾರೆ. ಎಲ್ಲೋ ಒಂದು ಕಡೆ ಮೆತ್ತಗಾಗಿದೆಯಾ? ಬಗ್ಗಿಸಿದರೆ ಚಪ್ಪಟೆಯಾಗುತ್ತಾ? ಮೇಲಿನ ಸಿಪ್ಪೆ ಸರಿಯಿದ್ದರೂ ಒಳಗಿನ ನೂಲು ಹೋಗಿರಬಹುದು. ಅನುಮಾನ ಬಂದರೆ ಕತ್ತರಿಸಿ ಎಸೆಯುತ್ತಾರೆ, ಯಾರ ಮಾತೂ ಕೇಳುವುದಿಲ್ಲ. ಈ ಬೆರಳಿನ ವಿದ್ಯೆ ವಿಡಿಯೋ ನೋಡಿ ಬರುವುದಿಲ್ಲ. ಪಕ್ಕದಲ್ಲಿ ಕೂತು ಕಲಿಸುವವರೊಬ್ಬರು ಬೇಕು.

ಬೀಗ ಹಾಕಿದ ಗುಹೆಗಳ ಕೀಲಿಯೂ ಬಹಳ ಕಡೆ ಕ್ಲಬ್ ಕೈಯಲ್ಲೇ ಇರುತ್ತದೆ. ಜಮೀನಿನ ಯಜಮಾನ ಕ್ಲಬ್ಬನ್ನು ನಂಬುತ್ತಾನೆ, ಗುರುತಿಲ್ಲದವರನ್ನಲ್ಲ. ಕೀಲಿಗೋಸ್ಕರ ಮಾತ್ರ ಸದಸ್ಯರಾಗುವವರೂ ಇದ್ದಾರೆ. ಇರಲಿ ಬಿಡಿ, ಅವರ ಚಂದಾದಿಂದಲೂ ಹಗ್ಗ ಬರುತ್ತೆ.

ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ. 2021ರ ನವೆಂಬರ್‌ನಲ್ಲಿ ವೇಲ್ಸ್‌ನ ಆಳವಾದ ಗುಹೆಯೊಂದರಲ್ಲಿ ಒಬ್ಬರು ಬಿದ್ದು ಗಾಯಗೊಂಡರು. ನಡೆಯುವ ಹಾಗಿರಲಿಲ್ಲ. ಇಕ್ಕಟ್ಟಿನ ದಾರಿಯಲ್ಲಿ ಸ್ಟ್ರೆಚರನ್ನು ಕೈಯಿಂದ ಕೈಗೆ ದಾಟಿಸುತ್ತಾ ಹೊರಗೆ ತರುವಷ್ಟರಲ್ಲಿ ಎರಡು ದಿನಕ್ಕೂ ಜಾಸ್ತಿ ಹಿಡಿಯಿತು. ದುಡಿದವರು 250ರಷ್ಟು ಸ್ವಯಂಸೇವಕರು. ಅಂಥ ಜಾಗಕ್ಕೆ ಗುಹೆ ಗೊತ್ತಿರುವವರೇ ಇಳಿಯಬೇಕು. ಅಷ್ಟು ಜನ ಒಂದೇ ದಿನದಲ್ಲಿ ತಯಾರಾಗುವುದಿಲ್ಲ. ವರ್ಷವರ್ಷವೂ ಹೊಸಬರನ್ನು ಕರೆದೊಯ್ದು ಪಳಗಿಸುವ ಜಾಗ ಎಲ್ಲಾದರೂ ಇರಬೇಕಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟೇ. ಹೊಸದಾಗಿ ಸೇರಿದವರು ಒಂದೆರಡು ತಿಂಗಳಲ್ಲಿ ಗುಹೆಯೊಳಗೆ ಇದ್ದಾರಾ, ಇಲ್ಲ ಇನ್ನೂ ಸಭೆಯಲ್ಲೇ ಆಕಳಿಸುತ್ತಾ ಕೂತಿದ್ದಾರಾ? ಇಂಥ ಹೊತ್ತಿಗೆ ವಾಪಸ್ ಬರುತ್ತೇವೆ ಅಂತ ಹೊರಗಿನವರೊಬ್ಬರಿಗೆ ಹೇಳಿ ಇಳಿಯುವುದನ್ನು ಅವರಿಗೆ ಕಲಿಸಿದ್ದಾರಾ? ಇದೇನೂ ಇಲ್ಲದ ಕ್ಲಬ್ ಮುಚ್ಚಿದರೆ ನನಗೆ ಬೇಜಾರಿಲ್ಲ. ಹಗ್ಗ, ಕೀಲಿ ಪಕ್ಕದ ಕ್ಲಬ್ಬಿಗೆ ಒಪ್ಪಿಸಲಿ. ನಕ್ಷೆಗಳನ್ನು ಮಾತ್ರ ಯಾರದೋ ಮನೆಯ ಅಟ್ಟಕ್ಕೆ ಹಾಕಬೇಡಿ.

ನಮಸ್ಕಾರ.