ಬಯಲಲ್ಲಿ ಬೆಳೆದ ಕಾಲು, ಬಕೆಟ್ ಕಾಣದ ಬಾಯಿ

ರ್‍ಯಾಂಚ್‌ನಲ್ಲಿ ಎಂದರೆ ದನ, ಕುದುರೆ ಸಾಕುವ ವಿಶಾಲ ಬಯಲಲ್ಲಿ, ಹುಟ್ಟಿ ಬೆಳೆದ ಕುದುರೆ ಎಂದೊಡನೆ ಎಲ್ಲರೂ ಅದರ ವೇಗವನ್ನೇ ಕೇಳುತ್ತಾರೆ. ಎಂಡ್ಯೂರೆನ್ಸ್‌ನಲ್ಲಿ ಎಂದರೆ ಬಹುದೂರದ ಕುದುರೆ ಸವಾರಿಯ ಸ್ಪರ್ಧೆಯಲ್ಲಿ, ವೇಗದ ಮಾತು ಕೊನೆಗೆ. ಕ್ಯಾಲಿಫೋರ್ನಿಯಾದ ಟೆವಿಸ್ ಕಪ್ ಸವಾರಿ 1955ರಲ್ಲಿ ಶುರುವಾಯಿತು. 100 ಮೈಲಿ ಬೆಟ್ಟದ ದಾರಿ, 24 ಗಂಟೆ ಗಡುವು. ಅಲ್ಲಿ ಗುರಿ ಮುಟ್ಟಿದರಷ್ಟೇ ಸಾಲದು, ಈ ಕುದುರೆ ಇನ್ನೂ ಮುಂದಕ್ಕೆ ಹೋಗಬಲ್ಲದು ಎಂದು ಪಶುವೈದ್ಯರು ಒಪ್ಪಬೇಕು.

ಇಂಥ ಪರೀಕ್ಷೆಗೆ ಬಯಲಿನ ಕುದುರೆ ಅರ್ಧ ತಯಾರಾಗಿಯೇ ಬಂದಿರುತ್ತದೆ. ಮರಿಯಾಗಿದ್ದಾಗ ತಾಯಿಯ ಹಿಂದೆ ಕಲ್ಲು, ಇಳಿಜಾರು, ಹಳ್ಳ ದಾಟಿದ ಕಾಲು ಅದು. ಮೂಳೆ ಗಟ್ಟಿಯಾಗುವುದು ಅದರ ಮೇಲೆ ಭಾರ ಬಿದ್ದಾಗ. ಮರಿಗಳು ಆಟಕ್ಕೆ ಓಡುವ ಆ ಚಿಕ್ಕ ಚಿಕ್ಕ ಓಟಗಳೇ ಇದಕ್ಕೆ ಸಾಕು. ಲಾಯದಲ್ಲೇ ನಿಂತು ಬೆಳೆದ ಮರಿಗೆ ಇದು ದಕ್ಕುವುದಿಲ್ಲ. ಕೊಳ್ಳುವಾಗ ಮುಂಗಾಲಿನ ಮಂಡಿಯ ಕೆಳಗೆ ಟೇಪು ಸುತ್ತಿ ನೋಡಿ: 450 ಕಿಲೋ ತೂಕದ ಕುದುರೆಗೆ ಸುಮಾರು 18 ಸೆಂ.ಮೀ. ಇರಲಿ. ಪೃಷ್ಠದ ದಪ್ಪ ಸ್ನಾಯುವಿಗೆ ಮರುಳಾಗಬೇಡಿ. ದನ ಅಟ್ಟುವ ಕೆಲಸಕ್ಕೆ ಅದು ಚೆಂದ. ಉದ್ದ ದಾರಿಯಲ್ಲಿ ಅಷ್ಟು ಮಾಂಸ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೃದಯ ಬಡಿತ ಬೇಗ ಇಳಿಯುವುದಿಲ್ಲ. ಎರಡನೇ ವರ್ಷಕ್ಕೇ ಜೀನು ಹೊತ್ತು, ಹಗ್ಗ ಬೀಸಿ ದನ ಹಿಡಿಯುವ ಕೆಲಸಕ್ಕೆ ಇಳಿದ ಕುದುರೆಯಾದರೆ ಹಿಂಗಾಲಿನ ಕೀಲುಗಳನ್ನು ಎಕ್ಸ್‌ರೇ ಮಾಡಿಸಿ.

ಇನ್ನರ್ಧ ತಯಾರಿ ನಮ್ಮದು. ಅದರ ಪಾಠ ಬಕೆಟ್‌ನಿಂದ ಶುರು. ಹರಿಯುವ ನೀರು ಕುಡಿದ ಕುದುರೆ ಪ್ಲಾಸ್ಟಿಕ್ ಬಕೆಟ್ ಕಂಡರೆ ಮೂಗು ಅರಳಿಸಿ, ಒಂದು ಹೆಜ್ಜೆ ಹಿಂದೆ ಸರಿದು ಬುಸುಗುಟ್ಟುತ್ತದೆ. ಬಾಯಾರಿದರೆ ತಾನೇ ಕುಡಿಯುತ್ತದೆ ಎನ್ನುವಂತಿಲ್ಲ. ಬಿಸಿಲಲ್ಲಿ ದುಡಿಯುವ ಕುದುರೆ ಗಂಟೆಗೆ 10ರಿಂದ 15 ಲೀಟರ್ ಬೆವರು ಸುರಿಸಬಲ್ಲದು. ನಮ್ಮ ಬೆವರಿಗಿಂತ ಅದು ಬಹಳ ಉಪ್ಪು. ನೀರಿನ ಜೊತೆ ಉಪ್ಪೂ ಹೋಗಿಬಿಡುವುದರಿಂದ ರಕ್ತ ಗಾಢವಾದ ಸುಳಿವು ಮಿದುಳಿಗೆ ಸಿಗುವುದಿಲ್ಲ, ಬಾಯಾರಿಕೆಯೇ ಹುಟ್ಟುವುದಿಲ್ಲ. ಹಾಗಂತ ನೀರು ಮುಟ್ಟದ ಕುದುರೆಯ ಬಾಯಿಗೆ ಎಲೆಕ್ಟ್ರೋಲೈಟ್ (ಉಪ್ಪಿನಂಶಗಳ) ಪೇಸ್ಟ್ ತುರುಕಿದರೆ ಅದು ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಮೊದಲು ನೀರು, ಆಮೇಲೆ ಉಪ್ಪು. ಮನೆಯಲ್ಲೇ ಬೇರೆ ಬೇರೆ ಬಣ್ಣದ ಬಕೆಟ್, ತೊಟ್ಟಿ, ಮಳೆನೀರಿನ ಗುಂಡಿ ಎಲ್ಲವನ್ನೂ ಅಭ್ಯಾಸ ಮಾಡಿಸಿ.

ದುಡಿಮೆ ಏರಿಸುವಾಗ ಬಯಲಿನ ಕುದುರೆ ಮೋಸ ಮಾಡುತ್ತದೆ, ಪಾಪ, ಬೇಕೆಂದಲ್ಲ. ಅದರ ಉಸಿರು, ಹೃದಯ ಕೆಲವೇ ತಿಂಗಳಲ್ಲಿ ಪಳಗುತ್ತವೆ. ಸ್ನಾಯುರಜ್ಜುಗಳಿಗೆ ವರ್ಷ ಬೇಕು, ಮೂಳೆಗೆ ಅದಕ್ಕಿಂತ ಹೆಚ್ಚು. ದಣಿಯಲಿಲ್ಲವೆಂದು ಓಡಿಸಿದವರೇ ಕುದುರೆಯ ರಜ್ಜು ಊದಿಸಿಕೊಂಡು ಬರುವುದು. ವಾರಕ್ಕೆ ಮೂರು ದಿನ, 8–10 ಕಿ.ಮೀ. ನಿಧಾನದ ನಡೆಯಿಂದ ಹೊರಡಿ. ಒಂದು ವಾರ ದೂರ ಹೆಚ್ಚಿಸಿದರೆ ಆ ವಾರ ವೇಗ ಹೆಚ್ಚಿಸಬೇಡಿ. ಅಮೆರಿಕನ್ ಎಂಡ್ಯೂರೆನ್ಸ್ ರೈಡ್ ಕಾನ್ಫರೆನ್ಸ್ ಎಂಬ ಸಂಸ್ಥೆ 50 ಮೈಲಿ ಸವಾರಿಗೆ 60 ತಿಂಗಳ ವಯಸ್ಸು ತುಂಬಿರಬೇಕು ಎನ್ನುವುದು ಸುಮ್ಮನೆ ಅಲ್ಲ. ಬೆನ್ನೆಲುಬಿನ ಬೆಳವಣಿಗೆ ಮುಗಿಯುವುದು ಇನ್ನೂ ತಡ.

ಗೊರಸು ಗಟ್ಟಿಯೆಂದು ಬರಿಗಾಲಲ್ಲೇ ಬಿಡುವವರಿದ್ದಾರೆ. ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ. ಜಲ್ಲಿ ರಸ್ತೆಯಲ್ಲಿ ಸವೆಯುವುದು ಅದಕ್ಕಿಂತ ಹೆಚ್ಚಾದಾಗ ಲಾಳ ಅಥವಾ ಬೂಟು ಬೇಕೇ ಬೇಕು.

ಸವಾರಿಯಲ್ಲಿ ಪಶುವೈದ್ಯರ ತಪಾಸಣೆಯಲ್ಲಿ ನಡೆಯುವ ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ನೋಡಿ. ಕುದುರೆಯ ಎಡ ಮುಂಗಾಲಿನ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಟ್ಟು ಬಡಿತ ಎಣಿಸಿ. ನಿಮಿಷಕ್ಕೆ 60 ಇದೆ ಎನ್ನಿ. 125 ಅಡಿ ಟ್ರಾಟ್ (ಹಗುರ ಓಟ) ಮಾಡಿಸಿ, ಅಷ್ಟೇ ದೂರ ಹಿಂದಕ್ಕೆ ತನ್ನಿ. ಹೊರಟ ಕ್ಷಣದಿಂದ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಎಣಿಸಿ. 60 ಅಥವಾ ಕಡಿಮೆ ಬಂದರೆ ನಿಶ್ಚಿಂತೆ. 72 ಬಂತೆಂದರೆ ನೋವೋ, ನೀರಿನ ಕೊರತೆಯೋ, ದಣಿವೋ ಇರಬಹುದು. ಪಕ್ಕೆ ಹೃದಯದ ತಾಳಕ್ಕೇ ಅದುರುತ್ತಿದ್ದರೆ ಉಪ್ಪಿನಂಶಗಳು, ಮುಖ್ಯವಾಗಿ ಕ್ಯಾಲ್ಸಿಯಂ, ಏರುಪೇರಾಗಿವೆ. ಸವಾರಿ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕರೆಯಿರಿ.

ಬಯಲಿನ ಕುದುರೆಯಲ್ಲಿ ಬಡಿತ ಏರಲು ಇನ್ನೊಂದು ಕಾರಣವಿದೆ: ಒಂಟಿತನ. ಮಂದೆಯಲ್ಲಿ ಬೆಳೆದದ್ದು ಜೊತೆಗಾರ ಕಣ್ಮರೆಯಾದರೆ ಕೆನೆಯುತ್ತಲೇ ಇರುತ್ತದೆ. ಕಾಲು ಸರಿ, ನೀರೂ ಸರಿ, ಎಣಿಕೆ ಮಾತ್ರ ತಪಾಸಣೆಗೆ ಬೇಕಾದಷ್ಟು ಇಳಿಯದು. ಅಭ್ಯಾಸದ ದಿನ ಇಬ್ಬರು ಸವಾರರು ಜೊತೆಗೆ ಹೊರಟು, ಅರ್ಧ ದಾರಿಯಲ್ಲಿ ಬೇರೆಯಾಗಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೂಡಿಕೊಳ್ಳಿ. ಆ ಹತ್ತು ನಿಮಿಷವನ್ನು ವಾರ ವಾರ ಹಿಗ್ಗಿಸುತ್ತ ಹೋಗಿ.